ಹಳೆಯ ಬ್ಯಾರಕ್ಕಿನ ಒಬ್ಬರು

ಸೇನಾನೆಲೆಗಳ ವಿದ್ಯುತ್ ವ್ಯವಸ್ಥೆಯನ್ನು ಸುಧಾರಿಸಿದವರ ಮಾತು ಬಂದಾಗ ನಮ್ಮ ಕಂಟೋನ್ಮೆಂಟಿನಲ್ಲಿ ಮೊದಲು ನೆನಪಾಗುವ ಹೆಸರು ಶ್ರೀಮತಿ ಹಮೀದಾ ಅವರದು. ಹಲಸೂರು ಕೆರೆಯಾಚೆಯ ನೆಲೆಯಲ್ಲಿ ಕಿರಿಯ ಇಂಜಿನಿಯರಾಗಿ ಸೇರಿ, ವಿದ್ಯುತ್ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಭಾಗ್ಯ ಅವರ ಕೈಕೆಳಗೆ ಕೆಲಸ ಕಲಿತ ನನಗೆ ದೊರೆತಿದೆ. ಅವರ ಜಿಪುಣತನವನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಶಿವಾಜಿನಗರದಲ್ಲಿ ಸ್ವಂತ ತಂಗಿಯ ಮಗಳ ಮದುವೆಯಲ್ಲೂ, ಯಾರೂ ಕೂರದ ಸಾಲಿನ ಫ್ಯಾನುಗಳನ್ನು ಎದ್ದು ಹೋಗಿ ಆರಿಸಿ ಬಂದವರು ಅವರು!

ಆ ಜಿಪುಣತನದ ಹಿಂದಿನ ಕರುಳು ಕುಟುಂಬಗಳ ಕ್ವಾರ್ಟರ್ಸಿನವರಿಗೆ ಗೊತ್ತು. ಅಲ್ಲಿನ ವೈರಿಂಗ್ ತೀರ ಹಳೆಯದು. ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು. "ಮಗು ಗೋಡೆ ಹಿಡ್ಕೊಂಡು ನಡಿಯೋಕೆ ಶುರು ಮಾಡಿದೆ ಮೇಡಂ, ಭಯ ಆಗುತ್ತೆ," ಎಂದು ಹವಾಲ್ದಾರರೊಬ್ಬರ ಹೆಂಡತಿ ಪ್ರಿಯಾ ಅತ್ತ ದಿನ, ಆ ಮನೆಯ ಲೈನು ಹೇಗೋ ಸರಿಹೋಗುವ ತನಕ ತಾಯಿ ಮಗುವನ್ನು ಮೇಡಂ ತಮ್ಮ ಮನೆಯಲ್ಲೇ ಇರಿಸಿಕೊಂಡರು. ಉಳಿದ ಮನೆಗಳಿಗೆ ಅನುದಾನವಿರಲಿಲ್ಲ.

ಆಗ ಅವರು ಹಟ ಹಿಡಿದು ತಂದದ್ದೇ ಉಳಿತಾಯದ ಯೋಜನೆ. ಖಾಸಗಿ ಕಂಪನಿಯೊಂದು ತನ್ನ ಹಣದಲ್ಲೇ ನೆಲೆಗೆಲ್ಲ ಹೊಸ ದೀಪ, ಪಂಪು, ವೈರಿಂಗ್ ಹಾಕಿಕೊಡಬೇಕು. ಮುಂದೆ ವಿದ್ಯುತ್ ಬಿಲ್ಲಿನಲ್ಲಿ ಉಳಿಯುವುದರಿಂದ ಆ ಹಣವನ್ನು ವಸೂಲು ಮಾಡಿಕೊಳ್ಳಬೇಕು. ಪರೀಕ್ಷೆಗೆಂದು ಹಳೆಯ ಬ್ಯಾರಕ್ಕಿನಲ್ಲಿ, ಮನುಷ್ಯರ ಚಲನೆ ಕಂಡರೆ ಮಾತ್ರ ಹೊತ್ತಿಕೊಳ್ಳುವ ದೀಪಗಳನ್ನು ಹಾಕಲಾಯಿತು. ಹೊರಗಿನ ತುಕಡಿಗಳು ಬಂದಾಗಷ್ಟೇ ತೆರೆಯುವ ಕಟ್ಟಡ ಅದು. ಖಾಲಿ ಇರುವಾಗ ಅಲ್ಲಿ ದೀಪ ಉರಿಯಬಾರದೆಂಬುದು ಕರಾರು. ಪರೀಕ್ಷೆ ಗೆದ್ದರೆ ಕ್ವಾರ್ಟರ್ಸಿಗೆ ಹೊಸ ವೈರಿಂಗ್, ಸೋತರೆ ಯೋಜನೆಯೇ ರದ್ದು.

ಬೀಗ ಹಾಕಿದ ಬ್ಯಾರಕ್ಕಿನ ಮೀಟರು ಮಾತ್ರ ಓಡುತ್ತಲೇ ಇತ್ತು.

ಒಂದು ಮಧ್ಯಾಹ್ನ ಮೇಡಂ, ಕಂಪನಿಯ ಇಂಜಿನಿಯರ್ ಜಗನ್ ಮತ್ತು ನಾನು ಬೀಗ ತೆಗೆದು ಬಾಗಿಲಲ್ಲೇ ನಿಂತೆವು. ಕಿಟಕಿಯಿಲ್ಲದ ಉದ್ದನೆಯ ಕಾರಿಡಾರು. ತುದಿಯಲ್ಲಿದ್ದ ದೀಪ ಹೊತ್ತಿಕೊಂಡಿತು. ಆಮೇಲೆ ಅದರ ಈಚಿನದು, ಮತ್ತೆ ಅದರ ಈಚಿನದು. ಹಿಂದಿನವು ಒಂದೊಂದಾಗಿ ಆರುತ್ತ ಬಂದವು. ನಿಧಾನವಾಗಿ ನಡೆದು ಬರುವವರ ವೇಗ, ಹೆಜ್ಜೆಯ ಸದ್ದು ಮಾತ್ರ ಇಲ್ಲ. ನಮ್ಮ ಎದುರಿನ ದೀಪ ಹೊತ್ತಿ, ಹಾಗೇ ಉರಿಯುತ್ತ ನಿಂತಿತು.

"ಸೆನ್ಸರ್ ಎಲ್ಲಾ ಚೇಂಜ್ ಮಾಡಿದ್ದಾಯ್ತು ಮೇಡಂ," ಎಂದ ಜಗನ್. "ಟೆಸ್ಟ್ ಮುಗಿಯೋವರ್ಗೂ ಲೈನ್ ಕಟ್ ಮಾಡ್ಬಿಡೋಣ. ಯಾರಿಗ್ ಗೊತ್ತಾಗುತ್ತೆ?"

"ಕಟ್ ಮಾಡಿ ತೋರ್ಸೋದು ಉಳಿತಾಯ ಅಲ್ಲಪ್ಪ, ಕಳ್ಳತನ," ಎಂದರು ಮೇಡಂ. ಆ ದೀಪದಿಂದ ಕಣ್ಣು ತೆಗೆಯದೆ ಮತ್ತೆ ಹೇಳಿದರು: "ತಪ್ಪು ನಮ್ದೇ. ಖಾಲಿ ಅಂತ ಬರ್ಕೊಟ್ವಿ. ಕೊನೇ ರೂಮಲ್ಲಿ ಆ ಮಂಚ ಯಾರಿಗ್ ಹಾಸಿದ್ದಾರೆ ಅಂತ ಕೇಳ್ಲೇ ಇಲ್ಲ."

ಕಾರಿಡಾರಿನ ಕೊನೆಯ ಕೋಣೆಯಲ್ಲಿ ಒಂದು ಮಂಚವಿದೆ. ಯಾವ ತುಕಡಿ ಬಂದರೂ ಅದರ ಮೇಲೆ ಯಾರೂ ಮಲಗುವುದಿಲ್ಲ. ಹೊರಡುವಾಗ ಹಾಸಿಗೆಯನ್ನು ಸರಿಪಡಿಸಿ, ಹೊದಿಕೆ ಮಡಿಸಿಟ್ಟು ಹೋಗುತ್ತಾರೆ. ಏಕೆಂದು ಯಾರೂ ಹೇಳುವುದಿಲ್ಲ.

ಮೇಡಂ ಕಟ್ಟಡದ ವಿವರವನ್ನು ತಿದ್ದಿದರು. ಖಾಲಿ ಎಂದಿದ್ದಲ್ಲಿ 'ವಾಸವಿರುವವರು: ಒಬ್ಬರು' ಎಂದಾಯಿತು. ಕರಾರಿನಂತೆ ಒಬ್ಬ ನಿವಾಸಿಗೆ ಸಲ್ಲುವ ವಿದ್ಯುತ್ತನ್ನು ಲೆಕ್ಕದಿಂದ ಕಳೆದಾಗ ಮೀಟರಿನ ಓಟ ಸರಿಯಾಗಿ ತಾಳೆಯಾಯಿತು. ಪರೀಕ್ಷೆಯ ಫಲಿತಾಂಶವನ್ನು ಒಪ್ಪಬೇಕಿದ್ದ ಸಮಿತಿಯ ಹಿರಿಯ ಅಧಿಕಾರಿ, "ಯಾರ್ರೀ ಇದು?" ಎಂದು ಕೇಳಿದರು.

"ನಮಗಿಂತ ಮೊದ್ಲಿಂದ ಇರೋರು, ಸರ್," ಎಂದರು ಮೇಡಂ.

ನೌಕರಿಯನ್ನೇ ಪಣಕ್ಕಿಟ್ಟ ಮಾತದು. ಆ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, "ಹೊಸದಾಗಿ ಸೇರಿದಾಗ ಆ ಮಂಚ ನಾನೂ ಹಾಸಿದ್ದೀನಿ," ಎಂದು ಸಹಿ ಹಾಕಿದರು. ಆ ವರ್ಷವೇ ಕ್ವಾರ್ಟರ್ಸಿನ ವೈರಿಂಗ್ ಬದಲಾಯಿತು. ಪ್ರಿಯಾಳ ಮಗು ಈಗ ಗೋಡೆ ತುಂಬ ಚಿತ್ರ ಬರೆಯುತ್ತದೆ.

ನಿವೃತ್ತಿಯ ದಿನ ಮೇಡಂ ಒಬ್ಬರೇ ಬ್ಯಾರಕ್ಕಿನೊಳಗೆ ಹೋಗಿಬಂದರು. ನಾನು ಬಾಗಿಲಲ್ಲಿದ್ದೆ. ಅವರು ಹೊರಗೆ ಕಾಲಿಟ್ಟ ಮೇಲೂ ಹೊಸ್ತಿಲ ಬಳಿಯ ದೀಪ ಆರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದೀಪಗಳು ಒಂದೊಂದಾಗಿ ಒಳಮುಖವಾಗಿ ಹೊತ್ತುತ್ತ, ಆರುತ್ತ ಹೋದವು, ನೆಂಟರನ್ನು ಬಾಗಿಲವರೆಗೆ ಕಳಿಸಿ ಮನೆಯವರು ಹಿಂತಿರುಗುವ ಹಾಗೆ. ಮೇಡಂ ತಿರುಗಿ ನೋಡಲಿಲ್ಲ. ಅವರ ಕಣ್ಣು ತುಂಬಿತ್ತು.

ಅವರು ಆರೋಗ್ಯವಾಗಿ ನೂರು ಕಾಲ ಬಾಳಲಿ, ಇನ್ನಷ್ಟು ನೆಲೆಗಳಿಗೆ ಅವರ ತಿಳಿವು ಒದಗಲಿ ಎಂದು ಮನಸಾರೆ ಹಾರೈಸುತ್ತೇನೆ. ಮೇಡಂ, ಈ ವರ್ಷದ ತಪಾಸಣೆಗೆ ಸಹಿ ಹಾಕುವ ಸರದಿ ನನ್ನದಾಯಿತು. ಒಬ್ಬರು ಎಂದೇ ಬರೆದಿದ್ದೇನೆ. ಮಂಚದ ಹೊದಿಕೆಯನ್ನೂ ನಾನೇ ಬದಲಿಸಿದೆ. ಹಳೆಯದು ಇನ್ನೂ ಬೆಚ್ಚಗಿತ್ತು.

— ಹಂಸ