ಒಂದೂವರೆ ತಾಸು ಹಿಂದಿನ ಗಡಿಯಾರ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಹೋದ ಬೇಸಿಗೆಯೋ ಅದರ ಹಿಂದಿನದೋ, ರಾಯಚೂರಿನಿಂದ ಬಸ್ಸಿನಲ್ಲಿ ಹೋದೆನೋ ಯಾರದಾದರೂ ಕಾರಿನಲ್ಲೋ, ಖಾತ್ರಿಯಿಲ್ಲ. ಕಲ್ಮಲ ದಾಟಿದ ಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದದ್ದು ನೆನಪಿದೆ. ಹಾಗಾದರೆ ಬಸ್ಸೇ ಇರಬೇಕು.

ಮಾನ್ವಿಯಲ್ಲಿ ನನ್ನ ಚಿಗವ್ವ ಇದ್ದಾಳೆ, ಅಮ್ಮನ ತಂಗಿ. ದೇವದುರ್ಗದಲ್ಲಿ ಹುಟ್ಟಿ, ಮಾನ್ವಿಯ ಶಾಲೆಯೊಂದರಲ್ಲಿ ಕಲಿಸಿ, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದವಳು. ನನ್ನ ಹಳೆಯ ಲ್ಯಾಪ್‌ಟಾಪ್ ಅವಳ ಹತ್ತಿರ ಇತ್ತು. ಲಿನಕ್ಸ್ ಎಂಬ ಪುಕ್ಕಟೆ ಕಾರ್ಯವ್ಯವಸ್ಥೆ ಹಾಕಿದ್ದು. ಅದು ತೀರಾ ನಿಧಾನವಾಗಿದೆ ಅಂದಿದ್ದಕ್ಕೆ, ಹಗುರವಾದ ಬೇರೆ ಡೆಸ್ಕ್‌ಟಾಪ್ ತಂತ್ರಾಂಶ ಹಾಕಿಕೊಡಲು ಹೋಗಿದ್ದೆ. ಯಂತ್ರ ಅದೇ, ಫೈಲುಗಳು ಅವೇ; ಪರದೆಯ ಮೇಲಿನ ಕಿಟಕಿ, ಪಟ್ಟಿ, ಬಣ್ಣಗಳಷ್ಟೇ ಬೇರೆ.

ಹೊಸದು ಬಂದರೂ ಹಳೆಯದರ ಸಾಮಾನು ಹಾಗೇ ಉಳಿದಿತ್ತು. ಎರಡು ಕ್ಯಾಲ್ಕುಲೇಟರು, ಫೋಟೊ ನೋಡಲು ಎರಡು ತಂತ್ರಾಂಶ. ಮೆನು ತೆರೆದರೆ ಒಂದೇ ಮನೆಯಲ್ಲಿ ಎರಡು ಸಂಸಾರ. ಹಳೆಯ ಡೆಸ್ಕ್‌ಟಾಪನ್ನು ತೆಗೆದುಹಾಕಿದೆ. ಆಗ ಕಂಪ್ಯೂಟರು, ಅದರ ಜೊತೆ ಬಂದು ಈಗ ಯಾರಿಗೂ ಬೇಡವಾದ ತಂತ್ರಾಂಶಗಳ ಉದ್ದನೆಯ ಪಟ್ಟಿ ತೋರಿಸಿ, ಇವನ್ನೂ ತೆಗೆಯಲೇ ಎಂದು ಕೇಳಿತು. ಮಧ್ಯಾಹ್ನದ ಬಿಸಿಲು ಕಿಟಕಿಗೆ ಕಟ್ಟಿದ ಹಸಿರು ಬಟ್ಟೆಯಲ್ಲಿ ಸೋಸಿ ಬಂದು, ಕೋಣೆ ಕೆರೆಯ ತಳದ ಹಾಗಿತ್ತು. ಫ್ಯಾನಿನ ಸದ್ದಿನಲ್ಲಿ ಕಣ್ಣು ಎಳೆಯುತ್ತಿತ್ತು. ಹೂಂ ಅಂದೆ. ಹೆಸರುಗಳು ಒಂದೊಂದಾಗಿ ಮೇಲೇರಿ ಕರಗಿಹೋದವು. ಪಟ್ಟಿ ಓದಿದ್ದೆನೆ? ಓದಿದ್ದೆ ಎಂದು ಆಗ ಅಂದುಕೊಂಡಿದ್ದೆ.

ಚಿಗವ್ವ ಚಹಾ ಹಿಡಿದು ಬಂದು ಪರದೆಯನ್ನೇ ನೋಡಿದಳು.

"ನನ್ನ ಗಡಿಯಾರ ಎಲ್ಲಿ?"

"ಮೂಲ್ಯಾಗ ಅದ ನೋಡು."

"ಅದಲ್ಲ ಬೇ. ಎರಡು ಟೈಮ್ ತೋರಸ್ತಿತ್ತಲ್ಲ, ಅದು."

"ಅದು ಹಳೇದರ ಜೋಡಿ ಹೋತು ಚಿಗವ್ವಾ. ಯಾರಿಗೂ ಬ್ಯಾಡಾಗಿದ್ದು ಅಂತ ತಗದೀನಿ."

"ಯಾರಿಗೂ ಬ್ಯಾಡಂತ ಯಾರ್ ಹೇಳಿದ್ರು ನಿನಗ? ಎಂಎ ಮಾಡೀದಿ, ಮನಿ ಖಾಲಿ ಮಾಡಸೂಮುಂದ ಒಳಗ ಯಾರದಾರಂತ ನೋಡೂದು ಗೊತ್ತಿಲ್ಲೇನು?"

ನಗುತ್ತಲೇ ಅಂದಳು. ಆದರೆ ಲೋಟ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಅದು ವಾಪಸು ಬರುವ ತನಕ ಏಳುವುದಿಲ್ಲ ಎಂಬಂತೆ ಕೂತಳು.

ನನ್ನ ಫೋನಿನ ಇಂಟರ್‌ನೆಟ್ಟಿನಿಂದ ಗಡಿಯಾರವನ್ನು ಮತ್ತೆ ಇಳಿಸಿದೆ.

"ಗಡಿಯಾರ ಬರ್ತದ. ಎರಡನೇ ಊರು ಮತ್ತ ಹಾಕಬೇಕಾಗ್ತದ. ಯಾವ್ದಿತ್ತು?"

"ಮದ್ಲ ಬರಲಿ ತಡಿ."

ಊರು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ತಂತ್ರಾಂಶ ಹೋದರೂ ಬಳಸಿದವರ ಆಯ್ಕೆಗಳು ಅವರ ಫೋಲ್ಡರಿನೊಳಗೆ ಕಣ್ಣಿಗೆ ಬೀಳದಂತೆ ಉಳಿಯುತ್ತವೆ. ನನಗೆ ಗೊತ್ತಿದ್ದ ಸಂಗತಿಯೇ, ಹೊಳೆದಿರಲಿಲ್ಲ. ಗಡಿಯಾರ ತೆರೆದಾಗ ಎರಡೂ ಇದ್ದವು. ಮೇಲೆ ನಮ್ಮ ಸಮಯ, ಎರಡೂವರೆ. ಕೆಳಗೆ ಮಸ್ಕತ್, ಒಂದು ಗಂಟೆ.

ಚಿಗವ್ವ ಲ್ಯಾಪ್‌ಟಾಪನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹಸಿರು ಬೆಳಕಿನಲ್ಲಿ ಅವಳ ಮುಖ ನಾನು ನೋಡಿರದ ಅವಳ ಯಾವುದೋ ಎಳೆಯ ವಯಸ್ಸಿನದಾಗಿ ಕಂಡಿತು; ಇದನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

"ಅಲ್ಲಿನ್ನೂ ಉಣ್ಣೂ ಹೊತ್ತು," ಅಂದಳು, ನನಗಲ್ಲ.

ನಮ್ಮ ಮನೆತನದಲ್ಲಿ ಹೈದರಾಬಾದಿನಿಂದಾಚೆ ಹೋದವರು ನನಗೆ ಗೊತ್ತಿಲ್ಲ. ಅವತ್ತು ಕೇಳಿದೆ. ಹೋದ ವಾರ ಫೋನಿನಲ್ಲಿ ಮತ್ತೆ ಕೇಳಿದಾಗ, ಬಿಸಿಲು ಭಾಳ ಅದ ಅಂದು ಇಟ್ಟುಬಿಟ್ಟಳು. ನಾನು ಕೇಳಿದ್ದು ಇಷ್ಟೇ:

"ಚಿಗವ್ವಾ, ಮಸ್ಕತ್‌ನ್ಯಾಗ ಯಾರು ಉಣ್ಣಾಕತ್ತಾರ?"