ಕ್ಯಾಸೆಟ್ಟಿನಲ್ಲಿ ಕಳಿಸಿದ ಸಿನೆಮಾ

ಮೊನ್ನೆ ಕುಲಶೇಖರದಿಂದ ಪೇಟೆಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿ ಫೋನನ್ನು ತುಟಿಯ ಹತ್ತಿರ ಅಡ್ಡ ಹಿಡಿದು ಯಾರಿಗೋ ಮಾತು ಕಳಿಸುತ್ತಿದ್ದಳು. "ಸಿನೆಮಾ ಪರವಾಗಿಲ್ಲ ಮಾರಾಯ್ತಿ. ಫಸ್ಟ್ ಹಾಫ್ ಸ್ವಲ್ಪ ಬೋರ್. ಹೀರೋಯಿನ್‌ಗೆ ಎಂತ ಕೆಲಸವೇ ಇಲ್ಲ, ಸುಮ್ಮನೆ ನಿಂತದ್ದು. ಮತ್ತೆ ಅಮ್ಮನಿಗೆ ಹೇಳು, ಬಂಗುಡೆ ಫ್ರಿಜ್ಜಲ್ಲೇ ಉಂಟು, ಹೊರಗೆ ಇಟ್ಟು ಮರೀಬೇಡಿ ಅಂತ."

ಸಿನೆಮಾ ಮತ್ತು ಬಂಗುಡೆ ಮೀನು ಒಂದೇ ಉಸಿರಿನಲ್ಲಿ ಹೋದವು. ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಇಷ್ಟೇ ಮಾತು ಕಳಿಸಲು ನಮಗೆ ಒಂದು ಕಾಲದಲ್ಲಿ ಬೇಕರಿಯ ಡಬ್ಬದಷ್ಟು ದೊಡ್ಡ ಯಂತ್ರ ಬೇಕಾಗುತ್ತಿತ್ತು. ಬೊಂಬಾಯಿಗೆ ಬಸ್ಸು ಹತ್ತಿ ಅಲ್ಲಿಂದ ವಿಮಾನ ಹಿಡಿಯುವ ಒಬ್ಬ ಮನುಷ್ಯನೂ ಬೇಕಾಗುತ್ತಿದ್ದ. ಅವಳ ಹಿಂದೆ ಕುಳಿತು ನಾನು ಇಳಿಯಬೇಕಾದ ಸ್ಟಾಪನ್ನು ದಾಟಿ ಹೋದೆ.

ನಾವು ಮೂವರು: ಲ್ಯಾನ್ಸಿ, ಜಯರಾಮ, ನಾನು. ಎಪ್ಪತ್ತರ ದಶಕದಲ್ಲಿ ಮೂವರಿಗೂ ಹಂಪನಕಟ್ಟೆಯ ಸುತ್ತಮುತ್ತ ಕೆಲಸ. ಲ್ಯಾನ್ಸಿ ವೆಲ್ಡರ್. ಜಯರಾಮ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವನು. ನಾನು ಆಫೀಸೊಂದರಲ್ಲಿ ಗುಮಾಸ್ತ. ನಮ್ಮದು ಒಂದು ಕಾಲಕ್ಕೆ ಗೇಣಿ ಬರುತ್ತಿದ್ದ ಮನೆ. ಭೂಮಿ ಒಕ್ಕಲಿಗೆ ಹೋದ ಮೇಲೆ ತಂದೆಯವರಲ್ಲಿ ಉಳಿದದ್ದು ಗತ್ತು ಮಾತ್ರ. ಸಿನೆಮಾಕ್ಕೆ ಹೋದರೆ ಬಾಲ್ಕನಿಯಲ್ಲೇ ಕೂರಬೇಕೆಂಬುದು ಆ ಗತ್ತಿನ ನಿಯಮ. ನಾನು ಗೆಳೆಯರೊಡನೆ ಪರದೆಯ ಮುಂದಿನ ಬೆಂಚಿನಲ್ಲಿ ಕುತ್ತಿಗೆ ಮೇಲೆತ್ತಿ ಕೂತು, ಮನೆಗೆ ಬಂದು ಬಾಲ್ಕನಿಯ ಫ್ಯಾನು ಚೆನ್ನಾಗಿ ತಿರುಗುತ್ತದೆ ಎನ್ನುತ್ತಿದ್ದೆ.

ಸಿನೆಮಾಕ್ಕಿಂತ ಅದರ ನಂತರದ ಚಹಾ ನಮಗೆ ಮುಖ್ಯವಾಗಿತ್ತು. ಗೋಳಿಬಜೆಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಶುರು ಮಾಡಿದರೆ ಹೋಟೆಲಿನವರು ಮೇಜು ಒರೆಸುವ ನೆಪದಲ್ಲಿ ನಮ್ಮ ಮೊಣಕೈ ಎತ್ತಿಸುವವರೆಗೆ ಏಳುತ್ತಿರಲಿಲ್ಲ. ಮಾತು ತುಳುವಿನಲ್ಲಿ ಹೊರಟು ಕನ್ನಡದಲ್ಲಿ ನಡೆದು, ಲ್ಯಾನ್ಸಿಗೆ ಖುಷಿಯಾದರೆ ಕೊಂಕಣಿಗೂ ಹೋಗಿ ಬರುತ್ತಿತ್ತು. ಜಯರಾಮನಿಗೆ ಹೊಡೆದಾಟಗಳ ಮೇಲೆ ನಂಬಿಕೆ ಇರಲಿಲ್ಲ.

"ಅಷ್ಟು ಜನ ಗೂಂಡಾಗಳು ಒಬ್ಬೊಬ್ರೇ ಬರುದು ಯಾಕೆ? ಒಟ್ಟಿಗೆ ಬಂದ್ರೆ ಆಗುದಿಲ್ವಾ?"

"ನಿನ್ನ ಅಂಗಡಿಗೆ ಗಿರಾಕಿ ಒಬ್ಬೊಬ್ರೇ ಬರುದಿಲ್ವಾ? ಹಾಗೆ," ಎಂದ ಲ್ಯಾನ್ಸಿ.

"ಗಿರಾಕಿಗೆ ನಾನು ಹೊಡಿಲಿಕ್ಕೆ ಉಂಟಾ?"

"ನೀನು ರೇಟ್ ಹೇಳುದು ಹೊಡೆದ ಹಾಗೇ ಅಲ್ವಾ ಮಾರಾಯ."

ಸೀರೆಯ ರೇಟಿನಿಂದ ಜಯರಾಮನ ತಂಗಿಯ ಮದುವೆಗೆ, ಮದುವೆಯಿಂದ ಲ್ಯಾನ್ಸಿಯ ಪಾಸ್‌ಪೋರ್ಟಿಗೆ ಮಾತು ಬರುತ್ತಿತ್ತು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಆ ಪಾಸ್‌ಪೋರ್ಟು ಕೆಲಸಕ್ಕೆ ಬಂತು. ಲ್ಯಾನ್ಸಿ ಬಹ್ರೇನಿಗೆ ಹೋದ. ಹೋಟೆಲಿನಲ್ಲಿ ನಾವಿಬ್ಬರು ಎದುರುಬದುರು ಕೂತು ಗೋಳಿಬಜೆಯನ್ನು ಬೇಗ ಮುಗಿಸಿ ಏಳತೊಡಗಿದೆವು.

ಮೊದಲ ರಜೆಯಲ್ಲಿ ಬಂದಾಗ ಲ್ಯಾನ್ಸಿ ಮನೆಗೆ ರೇಡಿಯೋ, ಟೇಪು ಎರಡೂ ಇರುವ ಟೂ-ಇನ್-ವನ್ ತಂದ. ಆಗ ಗಲ್ಫಿಗೆ ಮಗನನ್ನೋ ಗಂಡನನ್ನೋ ಕಳಿಸಿದ ಮನೆಗಳಲ್ಲಿ ಕ್ಯಾಸೆಟ್ಟಿಗೆ ಮಾತಾಡಿ ಕಳಿಸುವ ರೂಢಿ ಬಂದಿತ್ತು. ಊರಿನಿಂದ ಯಾರಾದರೂ ಹೊರಟರೆ ಉಪ್ಪಿನಕಾಯಿ, ಒಣ ಸಿಗಡಿಯ ಕಟ್ಟಿನ ಜೊತೆ ಕ್ಯಾಸೆಟ್ಟೂ ಅವರ ಚೀಲಕ್ಕೆ ಹೋಗುತ್ತಿತ್ತು. ಉಳಿದ ಮನೆಯವರು ಅದರಲ್ಲಿ ಸೌಖ್ಯ ಹೇಳಿ ಅತ್ತು ಕಳಿಸುತ್ತಿದ್ದರು. ಲ್ಯಾನ್ಸಿ ಮಾತ್ರ ಹೊರಡುವಾಗ ನಮಗೆ ಹೇಳಿದ್ದ: "ನೀವು ಅಲ್ಲಿ ಸೌಖ್ಯ ಗಿಖ್ಯ ಕೇಳ್ಬೇಡಿ. ಸಿನೆಮಾ ಹೇಳಿ. ಪೂರ್ತಿ ಹೇಳಿ. ಕನ್ನಡದಲ್ಲೇ ಹೇಳಿ, ನನ್ನ ರೂಮಿನಲ್ಲಿ ಒಬ್ಬ ಹುಬ್ಬಳ್ಳಿಯವ ಇದ್ದಾನೆ, ಅವನಿಗೂ ಗೊತ್ತಾಗ್ಲಿ."

ಹಾಗೆ ಕುಲಶೇಖರದ ಅವನ ಮನೆಯ ಚಾವಡಿ ನಮ್ಮ ಹೊಸ ಹೋಟೆಲಾಯಿತು. ಮನೆಯಲ್ಲಿದ್ದವರು ಇಬ್ಬರು: ಮಕ್ಕಳು ಮಾಯ್ ಎಂದು ಕರೆಯುತ್ತಿದ್ದ ತಾಯಿ ಸೆರಪಿನ್ ಬಾಯಿ, ಅಕ್ಕ ಗ್ರೇಸಿ. ಗ್ರೇಸಿ ಪ್ರೈಮರಿ ಶಾಲೆಯ ಟೀಚರು, ಮದುವೆಯಾಗಿರಲಿಲ್ಲ. ಅವರು ಯಂತ್ರದ ಮೇಲಿನ ಕ್ರೋಶಾ ಬಟ್ಟೆ ತೆಗೆದು, ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ, ತರಗತಿಯಲ್ಲಿ ಹೇಳುವಂತೆ "ಶುರು ಮಾಡಿ" ಎನ್ನುತ್ತಿದ್ದರು. ಜಯರಾಮ ಕಥೆ ಹೇಳುತ್ತಿದ್ದ. ನಾನು ನಾಯಕಿಯ ಸ್ವರ ಮಾಡುತ್ತಿದ್ದೆ. ಬಹ್ರೇನಿನಲ್ಲಿ ಅದಕ್ಕೆ ಬಹಳ ನಗುತ್ತಾರೆಂದು ಲ್ಯಾನ್ಸಿ ತಿಳಿಸಿದಾಗ, ಅದು ಅಳುವ ದೃಶ್ಯವಾಗಿತ್ತೆಂದು ನಾನು ತಿಳಿಸಲಿಲ್ಲ.

ಸೆರಪಿನ್ ಬಾಯಿಗೆ ಥಿಯೇಟರು ಆಗದು. ಆ ಕತ್ತಲೆಯಲ್ಲಿ ಪರಿಚಯವಿಲ್ಲದವರ ಪಕ್ಕ ಕೂರುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ. ಆದರೆ ಕಥೆ ಕೇಳಲು ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಹತ್ತಿರವೇ ಕೂರುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ತಾಳ್ಮೆ ಮುಗಿಯುತ್ತಿತ್ತು.

"ಕಡೆಗೆ ಸಾಯುದು ಯಾರು? ಅದು ಮೊದ್ಲು ಹೇಳು."

"ಅದು ಈಗ ಹೇಳಿದ್ರೆ ಮತ್ತೆ ಎಂತ ಉಳಿತದೆ ಬಾಯಿ?" ಎನ್ನುತ್ತಿದ್ದ ಜಯರಾಮ.

"ನನಗೆ ಸಮಾಧಾನ ಉಳಿತದೆ. ಹೇಳು, ಹೇಳು. ಮತ್ತೆ ನಾನು ಎಷ್ಟು ಹೊತ್ತು ಬೇಕಾದ್ರೂ ಕೇಳ್ತೇನೆ."

ಹೀಗೆ ಪ್ರತಿ ಟೇಪಿನಲ್ಲೂ ಒಂದು ಜಗಳ ಆಗುತ್ತಿತ್ತು. ಅದು ಆಗಲೆಂದೇ ಜಯರಾಮ ಕಥೆಯ ನಡುವೆ ಒಂದು ಕಡೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

ಇನ್ನು ಮುಂದಿನದನ್ನು ನಾನು ಬಹಳ ಸಲ ಮನಸ್ಸಿನಲ್ಲಿ ತಿರುವಿ ನೋಡಿದ್ದೇನೆ. ಹೆಚ್ಚು ತಿರುವಿದ್ದು ಸವೆಯುತ್ತದೆ, ಇಲ್ಲವೇ ಬೆಳೆಯುತ್ತದೆ. ಆದ್ದರಿಂದ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಒಂದು ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಸೆರಪಿನ್ ಬಾಯಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಡಾಕ್ಟರು, ಸುಧಾರಿಸಲೂಬಹುದು, ಇನ್ನೊಮ್ಮೆ ಬಂದರೆ ಹೇಳಲಾಗದು ಎಂದಿದ್ದರು. ಲ್ಯಾನ್ಸಿಗೆ ರಜೆ ಇದ್ದದ್ದು ಮುಂದಿನ ಮೇ ತಿಂಗಳಲ್ಲಿ. ಮನೆಯ ಹಿಂದೆ ಹೊಸ ಮನೆಗೆಂದು ಅವನು ಕೆಂಪುಕಲ್ಲಿನ ಪಂಚಾಂಗ, ಅಂದರೆ ಅಡಿಪಾಯ, ಹಾಕಿಸಿಯಾಗಿತ್ತು.

ದೇರೆಬೈಲಿನ ವಾಲ್ಟರ್ ಎಂಬವನು ಲ್ಯಾನ್ಸಿಯ ಕಂಪೆನಿಯಲ್ಲೇ ಇದ್ದವನು. ಅವನ ರಜೆ ಮುಗಿದು ಸೋಮವಾರ ಹೊರಡುವುದಿತ್ತು. ಗ್ರೇಸಿ ಟೀಚರು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ನಮ್ಮನ್ನು ಕರೆಸಿದರು.

"ಟೇಪು ಹೋಗದಿದ್ರೆ ಅವನಿಗೆ ಸಂಶಯ ಬರ್ತದೆ. ಯಾವಾಗಿನ ಹಾಗೆ ಸಿನೆಮಾ ಹೇಳಿ. ಮಾಯ್ ಕಾಟಿಪಳ್ಳಕ್ಕೆ ಚಿಕ್ಕಮ್ಮನ ಮನೆಗೆ ಹೋಗಿದ್ದಾರೆ ಅಂತ ನಾನು ಸೇರಿಸ್ತೇನೆ. ವಾಲ್ಟರನಿಗೂ ಹಾಗೇ ಹೇಳಿದ್ದೇನೆ."

"ಗೊತ್ತಾದ್ರೆ ಅವ ಬರ್ತಾನಾ?" ಎಂದು ಜಯರಾಮ ಕೇಳಿದ.

"ಬರ್ತಾನೆ. ಅದೇ ಹೆದರಿಕೆ. ಮಧ್ಯದಲ್ಲಿ ಬಿಟ್ಟು ಬಂದವರನ್ನು ಆ ಕಂಪೆನಿ ಪುನಃ ತಕ್ಕೊಳ್ಳುದಿಲ್ಲ. ಮೇ ತಿಂಗಳಿನವರೆಗೆ ಹೇಗಾದ್ರೂ ದೂಡುವ."

ಟೀಚರು ಕಲ್ಲುಮನಸ್ಸಿನವರಾಗಿರಲಿಲ್ಲ. ತಾಯಿಯನ್ನು ಎತ್ತುವುದು, ಒರೆಸುವುದು, ತಿನ್ನಿಸುವುದು ಎಲ್ಲ ಅವರೊಬ್ಬರದ್ದೇ ಆಗಿತ್ತು. ತಮ್ಮನ ಕೆಲಸವನ್ನಾದರೂ ಉಳಿಸಿಕೊಡಬೇಕೆಂದು ಅವರು ಹಟ ತೊಟ್ಟಿದ್ದರು. ಅವರ ಲೆಕ್ಕದಲ್ಲಿ ನನಗೆ ಅಂದೂ ತಪ್ಪು ಕಾಣಲಿಲ್ಲ.

ಒಳಗಿನ ಕೋಣೆಯಲ್ಲಿ ಮಲಗಿದ್ದ ಸೆರಪಿನ್ ಬಾಯಿಗೆ ನಮ್ಮ ಸ್ವರ ಕೇಳಿತ್ತು. ಎಡಗೈಯಿಂದ ಮಂಚದ ಪಟ್ಟಿ ಬಡಿಯತೊಡಗಿದರು. ಕೊನೆಗೆ ನಾವು ಮೂವರೂ ಸೇರಿ ಎತ್ತಿ ಅವರನ್ನು ಬೆತ್ತದ ಕುರ್ಚಿಯಲ್ಲಿ ತಂದು ಕೂರಿಸಿದೆವು. ಎರಡೂ ಬದಿಗೆ ದಿಂಬು ಇಟ್ಟೆವು. "ಮಾಯ್, ಒಂದು ಸ್ವರ ತೆಗಿಬಾರದು, ಆಯ್ತಾ?" ಎಂದು ಟೀಚರು ಕೊಂಕಣಿಯಲ್ಲಿ ಹೇಳಿದ್ದು ನನಗೆ ಅರ್ಥವಾಯಿತು.

ಗುಂಡಿ ಒತ್ತಿದರು. ಟೀಚರು ಕಾಟಿಪಳ್ಳದ ಮಾತು ಹೇಳಿದರು. ಜಯರಾಮ ಕಥೆ ಶುರು ಮಾಡಿದ. ಆ ದಿನ ಅವನು ಹೊಡೆದಾಟವನ್ನು ಹೊಗಳಿದ. "ಏನು ಫೈಟಿಂಗ್ ಮಾರಾಯ ಲ್ಯಾನ್ಸಿ, ನೀನು ನೋಡ್ಬೇಕಿತ್ತು!" ಎಂದ. ಆ ಸಿನೆಮಾದ ಹೊಡೆದಾಟ ನೋಡಿ ಅವನು ಥಿಯೇಟರಿನಲ್ಲಿ ಕಡಲೆ ಸುಲಿಯುವುದನ್ನೂ ನಿಲ್ಲಿಸಿರಲಿಲ್ಲ. ನಾನು ನಾಯಕಿಯಾಗಿ ಎಂದಿಗಿಂತ ಜೋರಾಗಿ ಕಿರುಚಿದೆ. ನಮ್ಮ ಮಾತಿನ ಪೊಳ್ಳು ನಮಗೇ ಕೇಳುತ್ತಿತ್ತು.

ನಾಯಕ ಜೈಲಿಗೆ ಹೋಗುವಲ್ಲಿಗೆ ಬಂದಾಗ ಜಯರಾಮ ನಿಂತ. ಬೇಕೆಂದು ನಿಂತದ್ದಲ್ಲ. ಅಲ್ಲಿ ನಿಂತು ನಿಂತು ಅವನ ನಾಲಿಗೆಗೆ ಅದು ಅಭ್ಯಾಸವಾಗಿತ್ತು. ನಾನೂ ಕುರ್ಚಿಯ ಕಡೆಗೆ ನೋಡಿದೆ. ಅದೂ ಅಭ್ಯಾಸವೇ. ಯಂತ್ರದಲ್ಲಿ ಎರಡು ಚಕ್ರಗಳು ತಿರುಗುತ್ತಿದ್ದವು. ಆಗ ಸೆರಪಿನ್ ಬಾಯಿ ಸ್ವರ ತೆಗೆದರು. ಮಾತಲ್ಲ, ಅಳುವೂ ಅಲ್ಲ. ಭಾರದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಹಾಗೆ ಗಂಟಲಿನಿಂದ ಬಂದ ಉದ್ದನೆಯ ಸ್ವರ. ಕೊನೆಯಲ್ಲಿ ಅದು ಸ್ವಲ್ಪ ಮೇಲಕ್ಕೆ ಹೋಯಿತು, ಪ್ರಶ್ನೆ ಕೇಳುವಾಗ ಹೋಗುವಂತೆ.

ಟೀಚರು ಯಂತ್ರ ನಿಲ್ಲಿಸಿದರು.

"ಪರವಾಗಿಲ್ಲ. ಹಿಂದೆ ತಿರುಗಿಸಿ ಅದರ ಮೇಲೆ ಪುನಃ ಹೇಳಿ. ಅಳಿಸಿ ಹೋಗ್ತದೆ."

ಅವರು ಟೇಪನ್ನು ಹಿಂದಕ್ಕೆ ತಿರುಗಿಸಿದರು. ಸೆರಪಿನ್ ಬಾಯಿ ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದರು. ಮತ್ತೆ ಬಡಿದರು. ಟೀಚರು ಕೈ ಹಿಡಿದು ಸಮಾಧಾನ ಮಾಡಲು ಹೋದಾಗ, ಆ ಕೈಯನ್ನು ಸರಿಸಿ ಯಂತ್ರದ ಕಡೆಗೆ ಬೆರಳು ತೋರಿಸಿದರು.

"ಮಾಯ್, ಅವ ಓಡಿ ಬರ್ತಾನೆ. ಬಂದ್ರೆ ಮುಗೀತು."

ಬೆರಳು ಕೆಳಗೆ ಇಳಿಯಲಿಲ್ಲ.

ಜಯರಾಮ ಬಹಳ ಮೆಲ್ಲಗೆ, "ಟೀಚರೇ, ಬರುದು ಬಿಡುದು ಅವನ ಲೆಕ್ಕ ಅಲ್ವಾ?" ಎಂದ. "ಅವನಿಗೆ ಹೇಳದೆ ಆ ಲೆಕ್ಕ ನಾವು ಮಾಡುದು ಹೇಗೆ?"

"ನಿಮಗೆ ಹೇಳ್ಲಿಕ್ಕೆ ಸುಲಭ ಉಂಟು. ನಾಳೆ ನೀವು ಅಂಗಡಿಗೆ ಹೋಗ್ತೀರಿ."

ಜಯರಾಮ ತಲೆ ತಗ್ಗಿಸಿದ. ಹೊರಗೆ ಅಂಗಳದಲ್ಲಿ ಪಕ್ಕದ ಮನೆಯ ಕೋಳಿಗಳು ಒಣಗಲು ಹಾಕಿದ ಅಕ್ಕಿಗೆ ಬಂದಿದ್ದವು. ಟೀಚರು ಎದ್ದು ಹೋಗಿ ಅವುಗಳನ್ನು ಓಡಿಸಿ ಬಂದರು. ಬಂದವರು ಯಾರ ಮುಖವನ್ನೂ ನೋಡದೆ ಟೇಪನ್ನು ಮುಂದಕ್ಕೆ ತಿರುಗಿಸಿ, ಆ ಸ್ವರ ಮುಗಿಯುವಲ್ಲಿಗೆ ತಂದು, ಎರಡು ಗುಂಡಿಗಳನ್ನೂ ಒತ್ತಿದರು.

"ಲ್ಯಾನ್ಸಿ, ಈಗ ನೀನು ಕೇಳಿದ್ದು ಮಾಯ್‌ನ ಸ್ವರ. ಕಾಟಿಪಳ್ಳ ಸುಳ್ಳು." ಆಮೇಲೆ ಆದದ್ದನ್ನು ಆದ ಹಾಗೆ ಹೇಳಿದರು. ಡಾಕ್ಟರ ಮಾತು, ಕಂಪೆನಿಯ ಭಯ, ಎಲ್ಲವನ್ನೂ. ಒಂದು ಕಡೆಯೂ ಸ್ವರ ನಡುಗಲಿಲ್ಲ. ಮುಗಿಸಿ ನಮ್ಮ ಕಡೆ ತಿರುಗಿ, "ಸಿನೆಮಾ ಬಾಕಿ ಉಂಟಲ್ಲ, ಹೇಳಿ," ಎಂದರು. ಜಯರಾಮ ಸಾಯುವವನು ಯಾರೆಂದು ಮೊದಲು ಹೇಳಿ, ನಂತರ ಜೈಲಿನಿಂದ ಮುಂದುವರಿಸಿದ. ಸೆರಪಿನ್ ಬಾಯಿ ಕಣ್ಣು ಮುಚ್ಚಿ ಕೇಳಿದರು.

ಕ್ರಿಸ್ಮಸ್ಸಿಗೆ ಮನೆಗಳ ಮುಂದೆ ನಕ್ಷತ್ರ ಕಟ್ಟುವ ಹೊತ್ತಿಗೆ ಲ್ಯಾನ್ಸಿ ಒಂದು ಪೆಟ್ಟಿಗೆ ಹಿಡಿದು ಬಂದ. ಟೀಚರು ಹೇಳಿದ ಹಾಗೆಯೇ ಕಂಪೆನಿ ಅವನನ್ನು ಮತ್ತೆ ಕರೆಯಲಿಲ್ಲ. ಬೇರೆ ವೀಸಾವೂ ಸಿಗಲಿಲ್ಲ. ಸೆರಪಿನ್ ಬಾಯಿಗೆ ಮಾತು ಮರಳಲಿಲ್ಲ, ಆದರೆ ಅವರು ಬದುಕಿದ್ದರು. ಮೇ ತಿಂಗಳು ಬಂತು, ಹೋಯಿತು. ಮುಂದಿನ ಮಳೆಗಾಲದ ನಡುವೆ ತೀರಿಕೊಂಡರು. ಹೊಸ ಮನೆಯ ಪಂಚಾಂಗದ ಒಳಗೆ ಟೀಚರು ಬಸಳೆಯ ಚಪ್ಪರ ಹಾಕಿದರು. ಒಮ್ಮೆ ಆ ಬಸಳೆಯನ್ನೇ ನನಗೆ ಕೊಯ್ದು ಕೊಡುತ್ತಾ, "ಮೇ ತಿಂಗಳಿಗೆ ಬಂದಿದ್ರೂ ಸಿಗ್ತಿದ್ರು," ಎಂದರು. ಅಷ್ಟೇ. ದೂರಿನ ಸ್ವರ ಇರಲಿಲ್ಲ. ಆದರೆ ಆ ಮಾತು ನನ್ನೊಳಗೆ ಇಷ್ಟು ವರ್ಷ ಕೂತೇ ಇತ್ತು.

ಲ್ಯಾನ್ಸಿ ಕುಲಶೇಖರದಲ್ಲೇ ಗ್ರಿಲ್ಲು, ಗೇಟು ಮಾಡುವ ಶೆಡ್ಡು ಹಾಕಿ ಜೀವನ ಸಾಗಿಸಿದ. ಟೀಚರು ಈಗಿಲ್ಲ, ಜಯರಾಮನೂ ಇಲ್ಲ. ನಾವಿಬ್ಬರು ಮುದುಕರು ಈಗಲೂ ತಿಂಗಳಿಗೊಮ್ಮೆ ಸಿನೆಮಾಕ್ಕೆ ಹೋಗುತ್ತೇವೆ. ಬಸ್ಸಿನ ಆ ಹುಡುಗಿಯ ಮಾತು ಕೇಳಿದ ವಾರವೇ ಹೋದೆವು, ಮಾಲಿನ ಮೇಲಿನ ಮಹಡಿಯ ಥಿಯೇಟರಿಗೆ. ಇಂಟರ್ವಲ್ಲಿನಲ್ಲಿ ಅವನು ಪಾಪ್‌ಕಾರ್ನ್ ಬೆಂದಿಲ್ಲ ಎಂದು ಗೊಣಗುತ್ತಿದ್ದಾಗ ನಾನು ಕೇಳಿದೆ.

"ಲ್ಯಾನ್ಸಿ, ಆ ಟೇಪು ನಾವು ಕಳಿಸ್ಬಾರದಿತ್ತಾ? ಮೇ ತಿಂಗಳಿಗೆ ಬಂದಿದ್ರೂ ನಿನಗೆ ಮಾಯ್ ಸಿಗ್ತಿದ್ರು."

ಅವನು ಯಾವ ಟೇಪು ಎಂದು ಕೇಳಲಿಲ್ಲ. ಪಾಪ್‌ಕಾರ್ನಿನ ಡಬ್ಬವನ್ನು ತೊಡೆಯ ಮೇಲಿಟ್ಟ.

"ಹೌದು, ಸಿಗ್ತಿದ್ರು. ಕೆಲಸವೂ ಇರ್ತಿತ್ತು, ಮನೆಯೂ ಏಳ್ತಿತ್ತು." ಒಡೆಯದ ಒಂದು ಕಾಳನ್ನು ಹೆಕ್ಕಿ ಬದಿಗಿಟ್ಟ. "ನೀವು ಮೂರು ಜನ ಸಿಗ್ತಿರ್ಲಿಲ್ಲ. ನೀವು ನಗ್ತಾ ಸಿನೆಮಾ ಹೇಳಿದ್ದು ಸುಳ್ಳು ಅಂತ ನನಗೆ ಮೇ ತಿಂಗಳಲ್ಲಿ ಗೊತ್ತಾಗಿದ್ರೆ, ಮತ್ತೆ ನಿಮ್ಮ ಹತ್ರ ನಾನು ಎಂತ ಮಾತಾಡುದು?"

ದೀಪಗಳು ಆರಿದವು. ಪರದೆಯ ಮೇಲೆ ಬಹಳ ಹೊತ್ತು ಏನೇನೋ ನಡೆಯಿತು. ಹೊರಗೆ ಬಂದು ಚಲಿಸುವ ಮೆಟ್ಟಿಲಿನಲ್ಲಿ ನಿಂತಾಗ ಲ್ಯಾನ್ಸಿ ಎಂದಿನಂತೆ, "ಸೆಕೆಂಡ್ ಹಾಫ್ ಹೇಗೆ?" ಎಂದ.

"ನಾನು ನೋಡ್ಲಿಲ್ಲ ಮಾರಾಯ."

"ಎಂತ, ನಿದ್ದೆಯಾ?"

"ಇಲ್ಲ."

ಅವನು ನನ್ನ ಮುಖ ನೋಡಿದ. ಕೆಳಗಿಳಿದು ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಂಡು ಇಂಟರ್ವಲ್ಲಿನ ನಂತರದ ಕಥೆಯನ್ನು ಮೊದಲಿನಿಂದ ಹೇಳಲು ಶುರು ಮಾಡಿದ. ಬಸ್ ಸ್ಟಾಪಿಗೆ ಬಂದಾಗ ನಮ್ಮ ಬಸ್ಸು ನಿಂತಿತ್ತು. ಕಥೆ ಇನ್ನೂ ಬಹಳ ಬಾಕಿ ಇದ್ದದ್ದರಿಂದ ಅದನ್ನು ಹೋಗಲು ಬಿಟ್ಟೆವು.