ಲಿನ್ ಓಮಾ ಅಂಟಿಸಿದ ಚೀಟಿಗಳು

ಲಿನ್ ಓಮಾ ಪುಸ್ತಕ ಓದಲು ಕೂತರೆಂದರೆ ಪಕ್ಕದಲ್ಲಿ ಕನ್ನಡಕದ ಗೂಡು, ಕತ್ತರಿ, ಪುಟ್ಟ ಬಟ್ಟಲಿನಲ್ಲಿ ಅನ್ನ ಅರೆದು ಮಾಡಿದ ಅಂಟು ಇರಲೇಬೇಕು. ಓದುತ್ತಿದ್ದದ್ದೆಲ್ಲ ಮಕ್ಕಳ ಪುಸ್ತಕ. ಅದರಲ್ಲೂ ಚೀನೀ ಮನೆಗಳ ಕಥೆ ಹೇಳುವ ಡಚ್ ಚಿತ್ರಪುಸ್ತಕಗಳು: ಅಜ್ಜಿ, ಮೊಮ್ಮಗಳು, ಹೊಸ ವರ್ಷದ ಊಟ, ಅಕ್ಕಪಕ್ಕದವರು. ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ತಂದು, ಒಂದೊಂದೇ ಪುಟ ತಿರುವುತ್ತ, ಇದ್ದಕ್ಕಿದ್ದಂತೆ "ಫೌಟ್!" ಎನ್ನುತ್ತಿದ್ದರು. ಡಚ್ಚರು ತಪ್ಪಿಗೆ ಹಾಗೆನ್ನುತ್ತಾರೆ. ಆಮೇಲೆ ಕತ್ತರಿಗೆ ಕೆಲಸ. ತಪ್ಪಾದ ಚಿತ್ರದ ಅಳತೆಗೆ ಬಿಳಿ ಕಾಗದ ಕತ್ತರಿಸಿ, ಅದರ ಮೇಲೆ ಸರಿಯಾದದ್ದನ್ನು ಬರೆದು, ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಉಫ್ ಎಂದು ಊದಿ ಮುಂದಿನ ಪುಟಕ್ಕೆ ಹೋಗುತ್ತಿದ್ದರು.

ನೆದರ್ಲೆಂಡ್ಸ್‌ನ ಬೆಸ್ಟ್ ಊರಿನಲ್ಲಿ ನಮ್ಮದು ಸಾಲುಮನೆ. ಅವರದು ಪಕ್ಕದ್ದು, ನಡುವೆ ಒಂದೇ ಗೋಡೆ. ಗಂಡನ ಜೊತೆ ವರ್ಷಗಟ್ಟಲೆ ಚೀನೀ ಹೋಟೆಲು ನಡೆಸಿ, ಗಂಡ ತೀರಿಕೊಂಡ ಮೇಲೆ ಅದನ್ನು ಮುಚ್ಚಿ, ಒಬ್ಬರೇ ಇದ್ದರು. ಓಮಾ ಎಂದರೆ ಅಜ್ಜಿ. ನನ್ನ ಮಗಳು ಅದಿತಿ ಹಾಗೆ ಕರೆದಳು, ನಾವೂ ಅದನ್ನೇ ಹಿಡಿದುಕೊಂಡೆವು. ಅವರಿಗೆ ನಾನು "ಬ್ಯೂರ್‌ವ್ರಾವ್", ಅಂದರೆ ಪಕ್ಕದ ಮನೆಯಾಕೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ಇಬ್ಬರ ಡಚ್ಚೂ ಅಷ್ಟಕ್ಕಷ್ಟೇ. ಅವರದು ಅಡುಗೆಮನೆಯಲ್ಲಿ ಕಲಿತದ್ದು, ನನ್ನದು ಪರೀಕ್ಷೆಗೆಂದು ಉರು ಹೊಡೆದದ್ದು. ಆದರೂ ಒಂದು ದಿನವೂ ಮಾತಿಗೆ ಬರ ಬಂದಿರಲಿಲ್ಲ.

ಬುಧವಾರ ಮಧ್ಯಾಹ್ನ ಇಲ್ಲಿ ಮಕ್ಕಳಿಗೆ ಶಾಲೆಯಿಲ್ಲ. ಬೀದಿಯ ನಾಲ್ಕಾರು ಮಕ್ಕಳು ಓಮಾ ಮನೆಯ ಜಮಖಾನದ ಮೇಲೆ ಕೂತು ಕಥೆ ಕೇಳುತ್ತಿದ್ದರು. ಅಂಥ ಒಂದು ಬುಧವಾರ ನಾನೂ ಹೋಗಿದ್ದೆ. ಊಟಕ್ಕೆ ಕೂತ ಅದಿತಿ ಅನ್ನದ ಬಟ್ಟಲಿನ ನಟ್ಟನಡುವೆ ಎರಡೂ ಚಾಪ್‌ಸ್ಟಿಕ್‌ಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಿ ಕೈ ತಟ್ಟಿದಳು. ಓಮಾ ಮುಖದ ರಕ್ತವೇ ಇಳಿದುಹೋಯಿತು. ಸರಕ್ಕನೆ ಕಡ್ಡಿಗಳನ್ನು ಕಿತ್ತು ಪಕ್ಕಕ್ಕಿಟ್ಟರು.

"ಏನೇ ಅದು, ಊಟದಲ್ಲಿ ಆಟ?" ಎಂದು ನಾನು ಗದರಿದೆ.

"ಬಟ್ ಅಮ್ಮಾ, ಬುಕ್ಕಲ್ಲಿ ಹಾಗೇ ಇದೆ!" ಅದಿತಿ ಅಳುಮುಖ ಮಾಡಿ ಒಂದು ಪುಸ್ತಕ ತಂದು ತೋರಿಸಿದಳು. ಹೌದು, ಚಿತ್ರದ ಹುಡುಗಿಯ ಅನ್ನದಲ್ಲಿ ಕಡ್ಡಿಗಳು ಕಂಬದ ಹಾಗೆ ನಿಂತಿದ್ದವು. ಹೊಸದಾಗಿ ಬಂದ ಆ ಪುಸ್ತಕದ ಮೇಲೆ ಓಮಾ ಕಣ್ಣು ಇನ್ನೂ ಬಿದ್ದಿರಲಿಲ್ಲ.

"ಮಗೂದೇನೂ ತಪ್ಪಿಲ್ಲ. ಪುಸ್ತಕ ಬರೆದೋರದ್ದು ಫೌಟ್," ಎಂದರು ಓಮಾ. "ನಾವು ಸತ್ತೋರ ಮುಂದೆ ಅನ್ನ ಇಟ್ಟು ಹೀಗೆ ಚುಚ್ತೀವಿ, ಊದುಬತ್ತಿ ಥರ. ಬದುಕಿರೋರ ಬಟ್ಟಲಲ್ಲಿ ಯಾರಾದ್ರೂ ಮಾಡ್ತಾರಾ?" ಅಲ್ಲೇ ಕತ್ತರಿ ತಂದು ಆ ಪುಟಕ್ಕೆ ಚೀಟಿ ಅಂಟಿಸಿದ ಮೇಲೆಯೇ ಅವರು ತುತ್ತು ಎತ್ತಿದ್ದು.

ಮುದುಕಿಯದು ಸ್ವಲ್ಪ ಅತಿಯಾಯಿತು ಎಂದುಕೊಂಡೆ. ಮಕ್ಕಳು ಆಟಕ್ಕೆ ಹೊರಗೆ ಓಡಿದ ಮೇಲೆ ಅವರೇ ಹೇಳಿದರು.

"ನನ್ನ ಮೊಮ್ಮಗಳು ಮಾಯ್ಕೆಗೆ ಆಗ ಎಂಟು ವರ್ಷ. ಸ್ಕೂಲಲ್ಲಿ ಇಂಥದ್ದೇ ಒಂದು ಪುಸ್ತಕ ಓದಿದ್ರು. ಕೊಳಕು ಮನೆ, ಗೀರು ಕಣ್ಣು, ಅಜ್ಜಿ ಒಬ್ಬಳು ಏನೇನೋ ತಿಂತಾಳೆ. ಕ್ಲಾಸಲ್ಲೆಲ್ಲ ಇವಳನ್ನ ನೋಡಿ ಕಣ್ಣು ಎಳ್ಕೊಂಡು ನಕ್ಕರಂತೆ. ಅವತ್ತು ಸಾಯಂಕಾಲ ಬಂದು, ಓಮಾ, ನಿಮ್ಮನೇಲಿ ನಾನು ಊಟ ಮಾಡಲ್ಲ ಅಂದ್ಲು. ನನ್ನ ಮಾತು ನಂಬಲಿಲ್ಲ, ಬ್ಯೂರ್‌ವ್ರಾವ್. ಪುಸ್ತಕ ನಂಬಿದ್ಲು."

ಮಾಯ್ಕೆ ಈಗ ವಾಗೆನಿಂಗನ್ ಊರಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಅಪರೂಪಕ್ಕೆ ಬಂದರೂ ಕೋಟು ಬಿಚ್ಚದೆ ಒಂದು ಕಾಫಿ ಕುಡಿದು ರೈಲು ಹಿಡಿಯುತ್ತಿದ್ದಳು. ಓಮಾಗೆ ಇದ್ದದ್ದು ಒಂದೇ ಆಸೆ. "ತಪ್ಪಿಲ್ಲದ ಪುಸ್ತಕ ಒಂದಾದ್ರೂ ಅವಳ ಕೈಗೆ ಕೊಡ್ಬೇಕು. ಸಿಗ್ತಿಲ್ಲ. ನಾನೇ ಮಾಡ್ತೀನಿ."

ಮಾಡಲು ಕೂತೇಬಿಟ್ಟರು. ಹೋಟೆಲಿನ ಹಳೆಯ ಮೆನು ರಟ್ಟು ಹೊದಿಕೆಯಾಯಿತು. ಒಂದೊಂದು ಪುಟಕ್ಕೂ ಒಂದು ಚಿತ್ರ, ಕೆಳಗೆ ಎರಡು ಸಾಲು ಡಚ್. ಗಂಡ ಮೀನು ಕೊಯ್ಯುವುದು, ಹಬ್ಬದ ಹಿಂದಿನ ದಿನ ಮನೆ ಗುಡಿಸುವುದು, ಮಾಯ್ಕೆಯ ತೊಟ್ಟಿಲು. ಕೊನೆಯ ಪುಟ ಪಕ್ಕದ ಮನೆಯವರಿಗೆ, ಅಂದರೆ ನಮಗೆ. ಅದಕ್ಕೆಂದೇ ಆ ವರ್ಷ ನಮ್ಮ ಮನೆಯ ಯುಗಾದಿ ಊಟಕ್ಕೆ ತಾವಾಗಿಯೇ ಕೇಳಿಕೊಂಡು ಬಂದರು. ಪರಿಚಯದ ಏಷ್ಯನ್ ಅಂಗಡಿಯವನಿಗೆ ಹೇಳಿ ಕುಡಿ ಬಾಳೆಎಲೆಯನ್ನೂ ತರಿಸಿದ್ದರು. ನಾನು ಎಲೆ ಹಾಕುವಾಗ ಕಣ್ಣು ಮಿಟುಕಿಸದೆ ನೋಡಿದರು.

"ಎಲ್ಲರದ್ದೂ ಒಂದೇ ಕಡೆ ಯಾಕೆ?"

"ಎಲೆ ಕುಡಿ ಉಣ್ಣೋರ ಎಡಕ್ಕೇ ಇರ್ಬೇಕು ಓಮಾ. ಬಲಕ್ಕೆ ಹಾಕೋದು ತಿಥಿ ಊಟಕ್ಕೆ, ಸತ್ತೋರಿಗೆ."

"ಹಾಗಾದ್ರೆ ನಿಮ್ಮಲ್ಲೂ ಇದೆ!" ಎಂದು ಅವರು ನನ್ನ ಕೈ ಹಿಡಿದುಕೊಂಡರು. ಚೀಲದಿಂದ ಪುಟ್ಟ ಟಿಪ್ಪಣಿ ಪುಸ್ತಕ ತೆಗೆದು "ಎಡ" ಎಂದು ಬರೆದುಕೊಂಡರು. ಒಬ್ಬಟ್ಟನ್ನು ಕೈಯಲ್ಲೇ ತಿಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ನೋಡಲಿಲ್ಲ.

ಎಲೆ ಉದುರುವ ಕಾಲಕ್ಕೆ ಪುಸ್ತಕ ಮುಗಿಯಿತು. ಒಂದು ಬೆಳಿಗ್ಗೆ ಅದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ, ಮೀಟಿಂಗಿನ ನಡುವೆ ಎದ್ದು ಬಂದಿದ್ದೆ.

"ನಿಮ್ಮ ಪುಟ ನೋಡಿಕೊಡು. ಬರೋ ವಾರ ಮಾಯ್ಕೆ ಹುಟ್ಟಿದಹಬ್ಬ."

ನಿಂತಲ್ಲೇ ಪುಟ ತೆಗೆದೆ. ಬಣ್ಣ ಕಂಡಿತು, ನನ್ನ ಹಣೆಯ ಬೊಟ್ಟು ಕಂಡಿತು. ಒಳಗೆ ಲ್ಯಾಪ್‌ಟಾಪಿನಲ್ಲಿ ಯಾರೋ ನನ್ನ ಹೆಸರು ಕರೆಯುತ್ತಿದ್ದರು. "ತುಂಬಾ ಚೆನ್ನಾಗಿದೆ ಓಮಾ," ಎಂದೆ.

"ಫೌಟ್ ಇಲ್ವಾ? ಸರಿಯಾಗಿ ನೋಡಿದ್ಯಾ?"

"ನೋಡಿದೆ. ಒಂದೂ ಇಲ್ಲ."

ನೋಡಿರಲಿಲ್ಲ. ಅರ್ಧ ನಿಮಿಷದ ಕೆಲಸ, ಅದನ್ನೂ ಮಾಡಲಿಲ್ಲ. ಅವರು ತಲೆಬಾಗಿಸಿ ವಂದಿಸಿ ಹೋದರು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರ ಕಿಟಕಿಯ ಪರದೆ ಸರಿಯಲಿಲ್ಲ. ಹತ್ತು ಗಂಟೆಗೆ ನನ್ನ ಬಳಿ ಇದ್ದ ಬೀಗದ ಕೈಯಿಂದ ಬಾಗಿಲು ತೆಗೆದೆ. ನಿದ್ದೆಯಲ್ಲೇ ಹೋಗಿದ್ದರು.

ಅಂತ್ಯಕ್ರಿಯೆ ಮುಗಿದ ಮೇಲಿನ ಭಾನುವಾರ ಮಾಯ್ಕೆ ನಮ್ಮ ಮನೆಗೆ ಬಂದಳು. ಕೋಟು ಬಿಚ್ಚಿ ಕೂತಳು. ಹುಟ್ಟಿದಹಬ್ಬದ ದಿನ ಓಮಾ ಜೊತೆ ಪುಸ್ತಕವನ್ನು ಎರಡು ಸಲ ಓದಿದ್ದಳಂತೆ, ಆಮೇಲೆ ಅಲ್ಲೇ ಊಟ ಮಾಡಿದಳಂತೆ. ಎಂಟು ವರ್ಷದವಳಿದ್ದಾಗ ಬಿಟ್ಟ ಊಟ. ಪುಸ್ತಕವನ್ನು ನನ್ನ ಮುಂದಿಟ್ಟಳು.

ಕೊನೆಯ ಪುಟವನ್ನು ಆಗ ನೋಡಿದೆ. ನಾನು, ನನ್ನ ಗಂಡ, ಅದಿತಿ, ಓಮಾ, ನಾಲ್ವರೂ ಓದುವವರ ಕಡೆ ಮುಖ ಮಾಡಿ ಸಾಲಾಗಿ ಕೂತಿದ್ದೇವೆ. ಓಮಾ ನನ್ನ ಮಾತು ಚಾಚೂ ತಪ್ಪದೆ ಪಾಲಿಸಿದ್ದರು. ನಾಲ್ಕೂ ಎಲೆಗಳ ಕುಡಿ ಎಡಕ್ಕೇ ಇತ್ತು, ಆದರೆ ಕಾಗದದ ಎಡಕ್ಕೆ. ಎದುರು ಮುಖ ಮಾಡಿ ಕೂತ ನಮಗೆ ಅದು ಬಲ. ನಾಲ್ವರೂ ತಿಥಿಯ ಎಲೆಯ ಮುಂದೆ ನಗುತ್ತ ಕೂತಿದ್ದೆವು. ಕೆಳಗೆ ಪೆನ್ಸಿಲ್‌ನಲ್ಲಿ ಪುಟ್ಟ ಅಕ್ಷರ: "ಪಕ್ಕದ ಮನೆಯವರು ನೋಡಿದ್ದಾರೆ. ತಪ್ಪಿಲ್ಲ."

ನನಗೆ ಎಲ್ಲಾದರೂ ಹೋಗಿ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು. ಮುಚ್ಚಿಡದೆ ಮಾಯ್ಕೆಗೆ ಹೇಳಿದೆ: ನಾನು ಅವತ್ತು ನೋಡಿರಲಿಲ್ಲ, ಸುಳ್ಳು ಹೇಳಿದ್ದೆ, ತಪ್ಪು ಏನೆಂದರೆ ಇದು.

ಅವಳು ಪುಸ್ತಕವನ್ನು ನನ್ನ ಕಡೆಗೆ ಸರಿಸಿದಳು. ಆಮೇಲೆ, "ಹಾಗಾದ್ರೆ ಸರಿ ಮಾಡಿ. ಓಮಾ ಇದ್ದಿದ್ರೆ ಬಿಡ್ತಾ ಇರ್ಲಿಲ್ಲ," ಎಂದಳು.

ಮಧ್ಯಾಹ್ನದ ಅನ್ನ ಮಿಕ್ಕಿತ್ತು. ಅರೆದು ಅಂಟು ಮಾಡಿದೆ. ಅದಿತಿ ಕಾಗದ ಕತ್ತರಿಸಿದಳು. ಮೂರು ಎಲೆ ಬರೆದು, ಕುಡಿ ಸರಿಯಾದ ಕಡೆ ತಿರುಗಿಸಿ, ನನ್ನ ಮುಂದೆ ಒಂದು, ಗಂಡನ ಮುಂದೆ ಒಂದು, ಅದಿತಿಯ ಮುಂದೆ ಒಂದು ಅಂಟಿಸಿ ಹೆಬ್ಬೆರಳಿನಿಂದ ಒತ್ತಿದೆ. ಕತ್ತರಿ ಕೆಳಗಿಟ್ಟೆ.

ಮಾಯ್ಕೆ ಓಮಾ ಮುಂದಿನ ಎಲೆಯ ಮೇಲೆ ಬೆರಳಿಟ್ಟಳು. "ಇದೊಂದು ಬಿಟ್ರಲ್ಲ?"

"ಅದನ್ನ ಬಿಡು," ಎಂದೆ. "ಅದು ಈಗ ಸರಿಯಾಗೇ ಇದೆ."